ಮಹಡಿ ಮೇಲೆ ಏನೇನು ಬರುತ್ತೆ?

ಲಾಂಡ್ರಿ ಅಣ್ಣನ ಅಂಗಡಿಯ ಮಹಡಿ ಕುಸಿದು ಆರು ತಿಂಗಳಾಗಿತ್ತು. ಕೆಳಗೆ ಇಸ್ತ್ರಿ ಮಾಡುತ್ತಿದ್ದ ಅವನ ತಂಗಿ ಮತ್ತೆ ಏಳಲಿಲ್ಲ. ಈಗ ಅದೇ ಜಾಗದಲ್ಲಿ ಹೊಸದಾಗಿ ಕಟ್ಟಬೇಕು. ತಂಗಿಯ ಗಂಡ ಇಂಜಿನಿಯರಮ್ಮನನ್ನು ಕರೆತಂದಿದ್ದ. ಆಕೆ ಲ್ಯಾಪ್‌ಟಾಪ್ ತೆರೆದಳು.

ಅಣ್ಣ ಮುಖ ತಿರುಗಿಸಿದ. "ಮುಚ್ಚಮ್ಮ ಅದನ್ನ. ಹೋದ ಸಲಾನೂ ಕಂಪ್ಯೂಟರೇ ಲೆಕ್ಕ ಹಾಕಿದ್ದು. ನನ್ನ ತಂಗೀನ ನುಂಗಿ ನೀರು ಕುಡೀತು."

"ಹಳೇ ಲೆಕ್ಕ ನೋಡಿದೀನಿ ಅಣ್ಣ. ಕೂಡಿ ಕಳೆದಿದ್ದೆಲ್ಲ ಸರಿಯಾಗೇ ಇದೆ. ಆದ್ರೆ ಮೇಲಿನ ಭಾರ ಅಂತ ಕೊಟ್ಟಿರೋದು ಒಂದು ಮಲಗೋ ಕೋಣೆಯದ್ದು. ಒಗೆಯೋ ಮೆಷಿನ್ನಿಲ್ಲ, ನೀರಿನ ಡ್ರಮ್ಮಿಲ್ಲ. ನಾವು ಹೇಳದ್ದು ಕಂಪ್ಯೂಟರಿಗೆ ಹೇಗೆ ಗೊತ್ತಾಗುತ್ತೆ?"

ಅಣ್ಣ ಈ ಕಡೆ ತಿರುಗಿದ. "ಆಗಿನ ಇಂಜಿನಿಯರು ಫೋನಲ್ಲಿ ಕೇಳಿದ್ದ, ಮೇಲೆ ಏನು ಬರುತ್ತೆ ಅಂತ. ಗಿರಾಕಿ ನಿಂತಿದ್ರು. 'ಏನಿಲ್ಲ, ಒಂದು ರೂಮು' ಅಂದ್ಬಿಟ್ಟೆ. ಮೆಷಿನ್ನು ಆಮೇಲೆ ಏರಿಸಿದ್ದು."

"ಅವರೂ ಒಂದ್ಸಲ ಬಂದು ನೋಡ್ಬೇಕಿತ್ತು," ಅಂದಳು ಆಕೆ.

"ಆವತ್ತು ಬೆಳಿಗ್ಗೆ ಮೇಲಿದ್ದ ಆರೂ ಡ್ರಮ್ಮಿಗೆ ನೀರು ತುಂಬಿಸಿದ್ದು ನಾನೇ," ಅಂದ ತಂಗಿಯ ಗಂಡ. "ಅವಳೇ 'ತುಂಬಿಸಿ' ಅಂದಿದ್ಲು."

ಅಣ್ಣ ಕುರ್ಚಿ ಎಳೆದು ಪಕ್ಕದಲ್ಲಿ ಕೂತ. "ಬರ್ಕೊಳಮ್ಮ. ಮೆಷಿನ್ನು ಎರಡು. ಡ್ರಮ್ಮು ಆರು. ಕಂಬಳಿ ರಾಶಿ."

"ಒಣಗಿದ್ದೋ, ಒದ್ದೆಯೋ?"

"ಒದ್ದೇನೇ. ಚಳಿಗಾಲದಲ್ಲಿ ಜಾಸ್ತಿ."

ಆಕೆ ಒಂದೊಂದಾಗಿ ತುಂಬಿಸಿದಳು. "ಇದು ಕಟ್ಟಡದ ಸ್ವಂತ ತೂಕ. ಇಲ್ಲಿ ಟಿಕ್ ಗುರುತು ಹಾಕದಿದ್ರೆ ಕಂಪ್ಯೂಟರು ಕಾಂಕ್ರೀಟಿಗೆ ತೂಕವೇ ಇಲ್ಲ ಅಂದ್ಕೊಳ್ಳುತ್ತೆ. ಮೆಷಿನ್ನು ಅದುರೋದನ್ನ ಬೇರೆ ಹಾಕ್ಬೇಕು, ಗಾಳಿಯ ಒತ್ತಡ ಬೇರೆ. ಇವೆಲ್ಲದರ ಭಾರ ಒಟ್ಟಿಗೆ ಬಿದ್ರೆ ಏನಾಗುತ್ತೆ ಅಂತ ನೋಡೋಕೂ ನಾವೇ ಹೇಳ್ಬೇಕು."

ಪರದೆಯ ಮೇಲೆ ಎರಡು ತೊಲೆ ಕೆಂಪಾದವು.

"ಭಾರ ತಡೆಯಲ್ಲ ಅಂತಲಾ?" ಅಣ್ಣ ಕೇಳಿದ.

"ಹೌದು. ತೊಲೆ ದಪ್ಪ ಮಾಡ್ಬೇಕು, ಇಲ್ಲಾ ಭಾರ ಇಳಿಸ್ಬೇಕು."

"ಮೆಷಿನ್ನು, ಡ್ರಮ್ಮು ಕೆಳಗೇ ಇರ್ಲಿ. ಮೇಲೆ ಬಟ್ಟೆ ಒಣಗಿಸೋದಷ್ಟೇ. ಹಾಗಂತ ಬರೆದು, ಓದಿ ಹೇಳು. ಸಹಿ ಹಾಕ್ತೀನಿ." ಆಮೇಲೆ ಮೆಲ್ಲಗೆ ಕೇಳಿದ, "ಆಗ್ಲೇ ಹೇಳಿದ್ದಿದ್ರೆ ಅವಳು ಇರ್ತಿದ್ಲಾ?"

ಸುಳ್ಳು ಹೇಳಲು ಆಕೆಗೆ ಮನಸ್ಸು ಬರಲಿಲ್ಲ. "ಇರ್ತಿದ್ರು, ಅಣ್ಣ."

ಕಟ್ಟಿಸುವವರೇ, ಮೇಲೆ ಏನು ಇಡುತ್ತೀರಿ ಅಂತ ಕೇಳದಿದ್ದರೂ ಹೇಳಿ. ಕಟ್ಟಿದ ಮೇಲೆ ಹೊಸ ಭಾರ ಏರಿಸುವ ಮುಂಚೆ ಇಂಜಿನಿಯರನ್ನು ಕೇಳಿ. ಲೆಕ್ಕಕ್ಕೆ ಏನೇನು ಸೇರಿದೆ ಅಂತ ಓದಿಸಿಕೊಳ್ಳಿ. ಲೆಕ್ಕ ಹಾಕುವವರೇ, ಫೋನಲ್ಲಿ ಕೇಳಿ ಬಿಡಬೇಡಿ, ಹೋಗಿ ನೋಡಿ. ಆ ಸೂರಿನ ಕೆಳಗೆ ಯಾರೋ ನಿಂತು ಕೆಲಸ ಮಾಡುತ್ತಿರುತ್ತಾರೆ.