ಕೊಜುಮೆಲ್‌ನಲ್ಲಿ ಒಂದು ಗಂಟೆ ಹೆಚ್ಚು

ಮಾತು ಆಡಿದರೆ ಹೋಯಿತು, ಹಡಗು ಹೊರಟರೆ ಹೋಯಿತು. ಗಾದೆಯಲ್ಲಿ ಇದ್ದದ್ದು ಹಡಗಲ್ಲ, ಮುತ್ತು. ಅದು ಹೊರಡುತ್ತಿರಲಿಲ್ಲ, ಒಡೆಯುತ್ತಿತ್ತು ಎಂದು ತಕರಾರು ತೆಗೆಯುವವರು ತೆಗೆಯಲಿ. ವರ್ಲೀನ್ ಸ್ಟಾಟ್ಸ್ ಜೊತೆ ಒಂದು ವಾರ ಕೆರಿಬಿಯನ್ ಸುತ್ತಿ ಬಂದವರು ಗಾದೆ ಹೀಗೇ ಸರಿಯಾಗಿದೆ ಎನ್ನುತ್ತಾರೆ. ಇದು ನಡೆದ ಕತೆ. ಒಂದಕ್ಷರ ಸುಳ್ಳಿಲ್ಲ, ಸುಳ್ಳು ಹೇಳಿದ್ದು ಒಂದು ಗಡಿಯಾರ ಮಾತ್ರ.

ವರ್ಲೀನ್ ಫ್ಲಾರಿಡಾದ ಒಕಾಲಾ ಊರಿನ ಶಾಲಾ ಬಸ್ಸುಗಳನ್ನು ಆಫೀಸಿನ ರೇಡಿಯೋ ಮುಂದೆ ಕೂತು ಮೂವತ್ತೊಂದು ವರ್ಷ ಓಡಿಸಿದವಳು. ಯಾವ ಬಸ್ಸು ಎಷ್ಟು ಗಂಟೆಗೆ ಯಾವ ತಿರುವಿನಲ್ಲಿ ಇರಬೇಕೋ ಅಲ್ಲಿ ಇರಲೇಬೇಕು. ನಿವೃತ್ತಿಯಾದ ಮೇಲೆ ಬಸ್ಸುಗಳು ಹೋದವು, ರೇಡಿಯೋ ಹೋಯಿತು, ಕೈಗೆ ಉಳಿದವರು ಮೂವರು: ತಮ್ಮ ರಾಯ್ಸ್, ಪಕ್ಕದ ಮನೆಯ ಬರ್ನಡೀನ್, ಅವಳ ಗಂಡ ಒಡೆಲ್. ಹನ್ನೊಂದು ವರ್ಷದಿಂದ ಪ್ರತಿ ಏಪ್ರಿಲ್‌ನಲ್ಲಿ ಈ ನಾಲ್ವರೂ ಟ್ಯಾಂಪಾ ಬಂದರಿನಲ್ಲಿ ಒಟ್ಟಿಗೆ ಹಡಗು ಹತ್ತುತ್ತಾರೆ.

ಹಳೆಯ ಹಡಗು ಕಂಪನಿಯವರು ಬೆಳಗಿನ ಕಾಫಿಗೂ ಬಿಲ್ಲು ಬರೆಯತೊಡಗಿದ್ದರಿಂದ ಈ ಸಲ ಹೊಸ ಕಂಪನಿ ಹುಡುಕಬೇಕಾಯಿತು. ವರ್ಲೀನ್ ಅಡುಗೆಮನೆಯ ಮೇಜಿನ ಮೇಲೆ ನಾಲ್ಕು ಕಂಪನಿಗಳ ಪಟ್ಟಿ ಹರಡಿ ಸಭೆ ಕರೆದಳು.

"ಇದು ಮಕ್ಕಳ ಹಡಗು. ಏಳು ಜಾರುಬಂಡೆ ಇದೆಯಂತೆ. ನಿಮ್ಮಲ್ಲಿ ಯಾರಾದ್ರೂ ಜಾರ್ತೀರಾ?"

"ನಾನು ಬಚ್ಚಲಲ್ಲೇ ಜಾರ್ತೀನಿ, ಸಾಲದಾ?" ಎಂದ ಒಡೆಲ್. ಅವನ ಸೊಂಟದ ಕೀಲು ಬದಲಿಸಿ ಆರು ತಿಂಗಳಾಗಿತ್ತು.

"ಇದರಲ್ಲಿ ಊಟ ಬಹಳ ಚೆನ್ನಾಗಿದೆಯಂತೆ. ಆದ್ರೆ ಒಂಬತ್ತು ಹೊಡೆದ್ರೆ ಎಲ್ಲ ಮಲಗಿಬಿಡ್ತಾರಂತೆ."

"ಅದು ಹಡಗಲ್ಲ ಅಕ್ಕ, ಆಸ್ಪತ್ರೆ ವಾರ್ಡು. ತೇಲ್ತಾ ಇದೆ ಅಷ್ಟೆ," ಎಂದ ರಾಯ್ಸ್.

ಮೂರನೆಯದು ಅಗ್ಗ, ಆದರೆ ಅರ್ಧ ಊರುಗಳಲ್ಲಿ ದಡದಿಂದ ದೂರ ನಿಂತು ಸಣ್ಣ ದೋಣಿಯಲ್ಲಿ ಜನರನ್ನು ಇಳಿಸುತ್ತಿತ್ತು. ಒಡೆಲ್‌ನ ಸೊಂಟಕ್ಕೆ ಅದು ಆಗದು. ನಾಲ್ಕನೆಯದರ ಮುಂದೆ ವರ್ಲೀನ್ ಹಸಿರು ಶಾಯಿಯಲ್ಲಿ ಗೆರೆ ಎಳೆದಿದ್ದಳು.

"ನೋಡಿ, ಬೇರೆಯವರು ಮೆಕ್ಸಿಕೋದ ಕೊಜುಮೆಲ್‌ನಲ್ಲಿ ಆರು ಗಂಟೆ ನಿಲ್ಲಿಸ್ತಾರೆ. ಇವರು ಒಂಬತ್ತು ಗಂಟೆ ಕೊಡ್ತಾರೆ, ಒಂಬತ್ತು!"

"ಒಂಬತ್ತು ಕೊಟ್ರೂ ನೀನು ಅದರಲ್ಲಿ ಮೂರು ಉಳಿಸಿ ಅವರಿಗೇ ವಾಪಸ್ ಕೊಡ್ತೀಯ," ಎಂದಳು ಬರ್ನಡೀನ್. ಎಲ್ಲರೂ ನಕ್ಕರು. ಬರ್ನಡೀನ್ ಮಾತ್ರ ನಗಲಿಲ್ಲ ಎಂಬುದನ್ನು ರಾಯ್ಸ್ ಗಮನಿಸಿದ.

ಅವಳ ಮಾತು ನಿಜವಾಯಿತು. ದಡಕ್ಕಿಳಿಯುವ ಪ್ರತಿ ದಿನಕ್ಕೂ ವರ್ಲೀನ್ ಪ್ಲಾಸ್ಟಿಕ್ ಹೊದಿಸಿದ ಒಂದೊಂದು ಹಾಳೆ ಮಾಡಿದ್ದಳು. ಎಂಟೂ ಹತ್ತಕ್ಕೆ ಇಳಿಯುವುದು, ಎಂಟೂ ಮೂವತ್ತಕ್ಕೆ ಟ್ಯಾಕ್ಸಿ, ಹತ್ತರಿಂದ ಹತ್ತೂ ಮುಕ್ಕಾಲು ಹಳೆಯ ಕಲ್ಲುಗುಡಿ, ಹೀಗೆ. ಹಡಗು ಹತ್ತುವ ಗಡುವಿಗೆ ಒಂದು ಗಂಟೆ ಮೊದಲೇ ಎಲ್ಲರೂ ಮೇಲಿರಬೇಕು. ಫೋನುಗಳು ಕೋಣೆಯ ಲಾಕರಿನಲ್ಲಿ. ಏಕೆಂದರೆ ಹಡಗು ಊರೂರು ಸುತ್ತಿದರೂ ಅದರ ಗಡಿಯಾರ ಫ್ಲಾರಿಡಾ ಬಿಟ್ಟು ಕದಲುವುದಿಲ್ಲ. ಫೋನು ಮಾತ್ರ ದಡ ಕಂಡ ಕೂಡಲೇ ಆ ಊರಿನ ಹೊತ್ತಿಗೆ ಜಾರಿಬಿಡುತ್ತದೆ. ಕೊಜುಮೆಲ್‌ನಲ್ಲಿ ಅದು ಹಡಗಿಗಿಂತ ಒಂದು ಗಂಟೆ ಹಿಂದೆ. ಆ ಒಂದು ಗಂಟೆ ನಂಬಿ ಕೆಟ್ಟವರನ್ನು ನೋಡುವುದೇ ಹಡಗಿನ ಜನರಿಗೆ ಒಂದು ಮನರಂಜನೆ. ಹೊರಡುವ ಹೊತ್ತಿಗೆ ಏಳನೆಯ ಅಂತಸ್ತಿನ ಕಟಕಟೆಗೆ ಎಲ್ಲರೂ ಒರಗಿ ನಿಲ್ಲುತ್ತಾರೆ. ಕೆಳಗೆ ತಡವಾದವರು ಚೀಲ, ಚಪ್ಪಲಿ, ಟೋಪಿ ಹಿಡಿದು ಏದುಸಿರು ಬಿಡುತ್ತ ಓಡಿ ಬರುತ್ತಾರೆ. ಮೇಲಿನವರು ಚಪ್ಪಾಳೆ ತಟ್ಟುತ್ತಾರೆ, ಕೇಕೆ ಹಾಕುತ್ತಾರೆ. ವರ್ಲೀನ್ ಚಪ್ಪಾಳೆ ತಟ್ಟುತ್ತಿರಲಿಲ್ಲ. "ಪಟ್ಟಿ ಇಲ್ಲದ ಜನ," ಎನ್ನುತ್ತಿದ್ದಳು.

ಹೀಗಾಗಿ ನಾಲ್ವರ ನಡುವೆ ಇದ್ದದ್ದು ಒಂದೇ ಹೊತ್ತು: ವರ್ಲೀನಳ ಎಡಗೈಯ ಮುಳ್ಳಿನ ಗಡಿಯಾರ.

ಕೊಜುಮೆಲ್ ಕೊನೆಯ ಊರು. ಆ ಬೆಳಿಗ್ಗೆ ಹಡಗಿನಲ್ಲಿ ತಿಂಡಿಗೆ ಮೊಟ್ಟೆಯ ಸಾಲಿನಲ್ಲಿ ನಿಂತಾಗ ಬರ್ನಡೀನ್ ರಾಯ್ಸ್‌ನ ಕಿವಿಯ ಹತ್ತಿರ ಬಂದಳು.

"ಮುಂದಿನ ವರ್ಷದ ಬುಕ್ಕಿಂಗ್ ಮೇಜು ನಾಳೆ ಮಧ್ಯಾಹ್ನಕ್ಕೆ ಮುಚ್ಚತ್ತೆ. ನಾನೂ ಒಡೆಲ್ಲೂ ನಿಮ್ಮ ಜೊತೆ ಮಾಡಿಸ್ತಿಲ್ಲ."

"ಏನಾಯ್ತು?"

"ಏನೂ ಆಗಲ್ಲ, ಅದೇ ಕಷ್ಟ. ಹನ್ನೊಂದು ವರ್ಷದಲ್ಲಿ ಒಂದು ಊರಲ್ಲೂ ಕೂತ ಕುರ್ಚಿ ಬೆಚ್ಚಗಾಗಿಲ್ಲ. ಹೋದ ಸಲ ಇದೇ ಊರಲ್ಲಿ ತಟ್ಟೇಲಿ ಮೀನು ಅರ್ಧ ಇತ್ತು, ನನ್ನ ಎಬ್ಬಿಸಿಬಿಟ್ಟಳು. ಅವಳು ಒಳ್ಳೆಯವಳೇ ಕಣೋ. ಆದ್ರೆ ನಾನು ಬಸ್ಸಲ್ಲ."

ರಾಯ್ಸ್ ಮೊಟ್ಟೆ ಹಾಕಿಸಿಕೊಳ್ಳುವುದನ್ನೇ ಮರೆತ. ಅವನು ನಲವತ್ತು ವರ್ಷ ಅಂಗಡಿಯೊಂದರಲ್ಲಿ ಮಾಂಸ ಕತ್ತರಿಸಿದವನು. ಹೆಂಡತಿ ಬಿಟ್ಟು ಹೋಗಿ ಬಹಳ ಕಾಲವಾಗಿತ್ತು. ಅವನ ಸಂಸಾರ, ಬಳಗ, ಹಬ್ಬ ಎಲ್ಲವೂ ಈ ನಾಲ್ಕು ಕುರ್ಚಿಗಳೇ. ಬರ್ನಡೀನ್ ಹೋದರೆ ಒಡೆಲ್ ಹೋದ. ಆಮೇಲೆ ವರ್ಷಕ್ಕೊಮ್ಮೆ ತಾನೂ ಅಕ್ಕನೂ ಅವಳ ಹಾಳೆಯೂ ಮಾತ್ರ. ಅಕ್ಕನಿಗೆ ಬುದ್ಧಿ ಹೇಳಬಹುದಿತ್ತು. ಎರಡು ಸಲ ಹೇಳಿಯೂ ಇದ್ದ. ಅದು ಹೊರಟ ಬಸ್ಸಿಗೆ ಕೈ ಬೀಸಿದ ಹಾಗೆ.

ಈ ಸಲ ಬಂದರು ಬಂದರೂ ಇಳಿಯದವನೆಂದರೆ ಒಡೆಲ್. ಎಲ್ಲರೂ ದಡಕ್ಕೆ ಹೋದಾಗ ಬಿಸಿನೀರಿನ ತೊಟ್ಟಿ ಖಾಲಿಯಿರುತ್ತದೆ ಎಂಬುದು ಅವನು ಸೊಂಟದಿಂದ ಕಲಿತ ಪಾಠ. ರಾಯ್ಸ್ ಅವನನ್ನು ಮೂಲೆಗೆ ಕರೆದು ಪಿಸುಗುಟ್ಟಿದ. ಒಡೆಲ್ ಕೇಳಿ, ಯೋಚಿಸಿ, "ಮೂರೂ ಇಪ್ಪತ್ತಕ್ಕಾ? ಬಿಂಗೋ ಆಡೋರನ್ನೆಲ್ಲ ಕರ್ಕೊಂಡು ಬರ್ತೀನಿ," ಎಂದ.

"ಬರ್ನಡೀನ್‌ಗೆ ಹೇಳ್ಬೇಡ. ಅವಳ ಮುಖ ಗುಟ್ಟು ಇಟ್ಕೊಳ್ಳಲ್ಲ."

ಹಡಗು ಹತ್ತುವ ಗಡುವು ನಾಲ್ಕೂವರೆ. ಎಂಟೂ ಹತ್ತಕ್ಕೆ ಮೂವರೂ ಇಳಿದರು. ಕಳೆದುಹೋಗದಿರಲಿ ಎಂದು ಹಡಗು ಹತ್ತಲು ತೋರಿಸಬೇಕಾದ ಮೂವರ ಕಾರ್ಡುಗಳೂ ವರ್ಲೀನಳ ಕುತ್ತಿಗೆಯ ಚೀಲದಲ್ಲಿ. ಕಲ್ಲುಗುಡಿ ಆಯಿತು, ಪೇಟೆ ಆಯಿತು, ಕಡಲತೀರ ಬಂತು. ಹಾಳೆಯ ಪ್ರಕಾರ ಎರಡು ಗಂಟೆಗೆ ಈಜು. ವರ್ಲೀನ್ ಗಡಿಯಾರ ಬಿಚ್ಚಿ ಬೂಟಿನೊಳಗಿಟ್ಟು, ಈಜುಗನ್ನಡಕ ಹಾಕಿಕೊಂಡು ನೀರಿಗಿಳಿದಳು. ಬರ್ನಡೀನ್ ತೀರದ ಗುಡಿಸಲು ಹೋಟೆಲಿಗೆ ಹೋಗಿ ಒಂದು ಇಡೀ ಮೀನು ಹುರಿಯಲು ಹೇಳಿದಳು. ರಾಯ್ಸ್ ಬೂಟಿನ ಪಕ್ಕ ಕೂತ. ಗಡಿಯಾರದ ಕಿವಿ ಹಿಂಡಿದ. ದೊಡ್ಡ ಮುಳ್ಳು ಒಂದು ಸುತ್ತು ಮುಂದೆ ಹೋಯಿತು.

ವರ್ಲೀನ್ ನೀರಿನಿಂದ ಎದ್ದಾಗ ಮುಖದಲ್ಲಿ ಹಿಗ್ಗಿತ್ತು. "ಒಂದು ಆಮೆ ಕಣೋ! ಇಷ್ಟಗಲ! ಅದರ ಹಿಂದೇನೇ ಹೋದೆ," ಎನ್ನುತ್ತ ಬೂಟಿಗೆ ಕೈ ಹಾಕಿದಳು. ಗಡಿಯಾರ ಮೂರೂ ನಲವತ್ತು ತೋರಿಸಿತು.

ಹಿಗ್ಗು ಇಳಿಯಿತು. "ಅಯ್ಯೋ ದೇವರೇ. ನಲವತ್ತು ನಿಮಿಷ ಅಂದ್ಕೊಂಡೆ. ಒಂದು ಗಂಟೆ ನಲವತ್ತು ನಿಮಿಷ ತೇಲಿದೀನಿ! ರಾಯ್ಸ್, ನೀನೇನು ಮಲಗಿದ್ಯಾ? ಕರೀಬಾರ್ದಿತ್ತಾ?"

"ಆಮೆ ಜೊತೆ ಖುಷಿಯಾಗಿದ್ದೆ ಅಂತ..."

"ಟ್ಯಾಕ್ಸಿ!"

ಗುಡಿಸಲಿನಲ್ಲಿ ಆಗತಾನೆ ಮೀನು ಬಂದಿತ್ತು, ತಲೆ ಬಾಲ ಸಮೇತ. ಮಾಣಿ ಗೋಡೆಯ ಗಡಿಯಾರ ತೋರಿಸಿದ. "ಯಾಕಮ್ಮ ಅವಸರ? ಇನ್ನೂ ಒಂದೂ ನಲವತ್ತು. ಬೇಕಾದಷ್ಟು ಹೊತ್ತಿದೆ."

ಬೇರೆ ಯಾರಾದರೂ ಆಗಿದ್ದರೆ ಗೋಡೆ ನೋಡಿ, ಕೈ ನೋಡಿ, ಎರಡು ಗಂಟೆಯ ವ್ಯತ್ಯಾಸ ಹೇಗೆ ಬಂತು ಎಂದು ಕೇಳುತ್ತಿದ್ದರು. ಆದರೆ ಹನ್ನೊಂದು ವರ್ಷದಿಂದ ದಡದ ಗಡಿಯಾರ ನೋಡಬಾರದು ಎಂದು ಊರಿಗೆಲ್ಲ ಸಾರಿದವಳು ಅದನ್ನು ನೋಡುವುದುಂಟೆ?

"ನಿಮ್ಮೂರ ಗಡಿಯಾರ ನಂಬಿದವರೆಲ್ಲ ಕೊನೆಗೆ ಓಡ್ತಾರೆ ಕಣಪ್ಪ," ಎಂದು ಬೆನ್ನು ತಿರುಗಿಸಿದಳು. ಬರ್ನಡೀನ್ ಮೀನನ್ನು ಕಾಗದದಲ್ಲಿ ಸುತ್ತಿಸಿಕೊಂಡಳು.

ಟ್ಯಾಕ್ಸಿಯಲ್ಲಿ ಅವಳು ಬಾಯಿ ಬಿಟ್ಟಳು. "ವರ್ಲೀನ್, ಹೇಳಿಬಿಡ್ತೀನಿ. ಇದೇ ಕೊನೆ. ಮುಂದಿನ ವರ್ಷ ನಾವು ಬರಲ್ಲ."

"ಮೊದಲು ಈ ವರ್ಷದ ಹಡಗು ಹತ್ತೋಣ, ಬರ್ನಡೀನ್. ಆಮೇಲೆ ಜಗಳ ಆಡು."

ರಾಯ್ಸ್‌ನ ತಮಾಷೆ ಮದ್ದಾಗಬೇಕಿತ್ತು, ಗಾಯಕ್ಕೆ ಉಪ್ಪಾಗುತ್ತಿತ್ತು. ಈಗಲೇ ಹೇಳಿಬಿಡಲೇ? ಮುಂದಿನ ಸೀಟಿನಲ್ಲಿ ಅಕ್ಕ ರಸ್ತೆಯ ಪ್ರತಿ ಉಬ್ಬಿಗೂ "ಬೇಗ, ಬೇಗ" ಎನ್ನುತ್ತ ಕಾಲಿನಿಂದ ಇಲ್ಲದ ಪೆಡಲು ತುಳಿಯುತ್ತಿದ್ದಳು. ವಾತಾವರಣ ತಿಳಿಮಾಡೋಣ ಎಂದು ಅವನು ಅವಳದೇ ರೇಡಿಯೋ ದನಿ ತೆಗೆದ: "ಬಸ್ಸು ಹದಿನಾಲ್ಕು, ಬಸ್ಸು ಹದಿನಾಲ್ಕು, ಎಲ್ಲಿದೀಯಪ್ಪ? ಮಕ್ಕಳು ಬಿಸಿಲಲ್ಲಿ ನಿಂತಿದಾರೆ..." ಪ್ರತಿ ಸಲ ನಗುತ್ತಿದ್ದವಳು ತಿರುಗಿಯೂ ನೋಡಲಿಲ್ಲ. ಇನ್ನು ಹತ್ತೇ ನಿಮಿಷ, ಹಡಗಿನ ಬುಡದಲ್ಲಿ ಹೇಳಿಬಿಡುತ್ತೇನೆ ಎಂದುಕೊಂಡ.

ಹೇಳಲು ಅವಳು ಸಿಗಬೇಕಲ್ಲ. ಟ್ಯಾಕ್ಸಿ ನಿಲ್ಲುವ ಮೊದಲೇ ಬಾಗಿಲು ತೆರೆಯಿತು. ಅವಳ ಕೈಗಡಿಯಾರದಲ್ಲಿ ನಾಲ್ಕೂ ಇಪ್ಪತ್ತೆರಡು. ಎಪ್ಪತ್ತರ ವರ್ಲೀನ್ ಹಡಗುಕಟ್ಟೆಯ ಗೇಟಿನಲ್ಲಿ ಕಾರ್ಡು ಮಿಂಚಿಸಿ, ದಡದ ಮೇಲೆ ದಡದಡ ಓಡತೊಡಗಿದಳು. ಏಳನೆಯ ಅಂತಸ್ತಿನಿಂದ ಕೇಕೆ ಎದ್ದಿತು. ಒಡೆಲ್ ಮಾತು ಉಳಿಸಿಕೊಂಡಿದ್ದ. ನಲವತ್ತು ಐವತ್ತು ಮುದುಕರು ಕಟಕಟೆ ಬಡಿಯುತ್ತ ಒಂದೇ ದನಿಯಲ್ಲಿ, "ಓಡು, ವರ್ಲೀನ್! ಓಡು, ವರ್ಲೀನ್!"

ರಾಯ್ಸ್ ಬೆನ್ನಟ್ಟಲು ಹೋದ. ಗೇಟಿನ ಕಾವಲಿನವನು ಕೈ ಅಡ್ಡ ಹಿಡಿದ.

"ಕಾರ್ಡು?"

ರಾಯ್ಸ್ ಜೇಬು ಮುಟ್ಟಿಕೊಂಡ. ಬರ್ನಡೀನ್ ರಾಯ್ಸ್‌ನ ಮುಖ ನೋಡಿದಳು. ಕಾರ್ಡುಗಳು ಕಟ್ಟೆಯ ಅರ್ಧ ದಾರಿಯಲ್ಲಿ, ಓಡುತ್ತಿರುವ ಒಂದು ಕುತ್ತಿಗೆಯಲ್ಲಿ ಕುಣಿಯುತ್ತಿದ್ದವು.

"ಅವಳ ಜೊತೆಯವರೇ ನಾವು," ಎಂದ ರಾಯ್ಸ್.

"ಅವರು ನಿಮ್ಮ ಜೊತೆ ಇದ್ದ ಹಾಗೆ ಕಾಣಲ್ವಲ್ಲ ಸಾರ್," ಎಂದ ಕಾವಲಿನವನು.

ಬರ್ನಡೀನ್ ನೆರಳಿನ ಬೆಂಚು ನೋಡಿ ಕೂತಳು. "ಹೋಗಲಿ ಬಿಡು. ಹಡಗು ಬಿಟ್ಟು ಹೋದ್ರೆ ಇಲ್ಲೇ ಇರೋಣ," ಎಂದು ಕಾಗದ ಬಿಚ್ಚಿ ಮೀನಿಗೆ ಕೈ ಹಾಕಿದಳು. ಆಗ ರಾಯ್ಸ್ ಅವಳಿಗೆ ಎಲ್ಲವನ್ನೂ ಹೇಳಿದ. ಅವಳು ಮುಳ್ಳು ತೆಗೆಯುತ್ತ ಕೇಳಿದಳು.

"ಅಂದ್ರೆ ಈಗ ನಿಜವಾಗಿ ಮೂರೂ ಇಪ್ಪತ್ತೈದು?"

"ಹೂಂ."

"ನಿನ್ನ ತಲೆ ಮೇಲೆ ಮೊಟಕಬೇಕು. ಅವಳ ಎದೆ ಒಡೆದಿದ್ರೆ?" ಎಂದು ಒಂದು ತುಂಡು ಬಾಯಿಗಿಟ್ಟುಕೊಂಡು, "ಮೀನು ಮಾತ್ರ ಬಹಳ ಚೆನ್ನಾಗಿದೆ," ಎಂದಳು.

ದೂರದಲ್ಲಿ ವರ್ಲೀನಳ ನೀಲಿ ಟೋಪಿ ಹಡಗಿನ ಬಾಗಿಲು ಮುಟ್ಟಿ ನಿಂತಿತು. ಅಲ್ಲಿಯ ಕಾವಲುಗಾರನ ಜೊತೆ ಏನೋ ಮಾತು. ಟೋಪಿ ಒಮ್ಮೆ ಕೈಗೆ ಬಾಗಿತು. ಒಮ್ಮೆ ಕುತ್ತಿಗೆಯ ಚೀಲಕ್ಕೆ ಬಾಗಿತು. ಆಮೇಲೆ ನಿಧಾನವಾಗಿ ಹಿಂದೆ ತಿರುಗಿತು. ಮೇಲಿನ ಕೇಕೆ ಅಡಗಿತು. ಅವಳು ವಾಪಸ್ ನಡೆದು ಬರತೊಡಗಿದಳು, ಒಂದೊಂದೇ ಹೆಜ್ಜೆ. ಆ ಕಟ್ಟೆ ಅಷ್ಟು ಉದ್ದ ಎಂದು ರಾಯ್ಸ್‌ಗೆ ಮೊದಲು ಗೊತ್ತಿರಲಿಲ್ಲ. ಒಬ್ಬರನ್ನು ಉಳಿಸಿಕೊಳ್ಳಲು ಹೋಗಿ ಇಬ್ಬರನ್ನೂ ಕಳೆದುಕೊಂಡೆ ಎಂದುಕೊಂಡ.

ಅವಳು ಬಂದು ಎದುರು ನಿಂತಳು. ಬೆವರಿನಿಂದ ಮುಖ ಕೆಂಪಾಗಿತ್ತು. ಎಡಗೈ ಮುಂದೆ ಚಾಚಿದಳು.

"ಯಾರು?"

"ನಾನೇ ಅಕ್ಕ. ನೀನು ನೀರಲ್ಲಿದ್ದಾಗ. ಬರ್ನಡೀನ್‌ಗೆ ಗೊತ್ತಿರಲಿಲ್ಲ. ಅವರು ನಮ್ಮನ್ನ ಬಿಟ್ಟು ಹೋಗ್ತಾರೆ ಅಂತ... ಓಡಿ ಬಂದ್ಮೇಲೂ ಒಂದು ಗಂಟೆ ಮಿಕ್ಕಿರತ್ತೆ, ಅಷ್ಟು ಹೊತ್ತು ಸುಮ್ನೆ ಕೂತ್ರೆ ಏನೂ ಆಗಲ್ಲ ಅಂತ ನಿಂಗೆ ತೋರಿಸೋಣ ಅಂತ..."

ವರ್ಲೀನ್ ಅವನನ್ನು ನೋಡಿದಳು. ಮೀನು ತಿನ್ನುತ್ತಿದ್ದ ಬರ್ನಡೀನಳನ್ನು ನೋಡಿದಳು. ಬೆಂಚಿನ ಮೇಲೆ ಧೊಪ್ಪನೆ ಕೂತಳು.

"ಅಲ್ಲಿ ಆ ಕಾವಲಿನವನು ಕೇಳಿದ, 'ಇನ್ನೂ ಒಂದು ಗಂಟೆ ಇದೆ, ಯಾಕಮ್ಮ ಓಡ್ತೀರಿ?' ಅಂತ. ಆಮೇಲೆ 'ಒಬ್ಬರೇ ಬಂದಿದೀರಾ?' ಅಂದ. ಛೇ, ನಮ್ಮವರು ಹಿಂದೇನೇ ಬರ್ತಿದಾರೆ ಅಂದೆ. 'ಕಾರ್ಡು ಕೊಡಿ' ಅಂದ. ಚೀಲಕ್ಕೆ ಕೈ ಹಾಕಿದೆ. ಮೂರೂ ಬಂತು."

ಅವಳು ಮೂರು ಕಾರ್ಡುಗಳನ್ನೂ ಬೆಂಚಿನ ಮೇಲೆ ಸಾಲಾಗಿ ಇಟ್ಟಳು.

"ಮೂವತ್ತೊಂದು ವರ್ಷ, ರಾಯ್ಸ್. ಒಂದೇ ಒಂದು ಮಗು ಬಿಟ್ಟು ಬಸ್ಸು ಹೊರಡಿಸಿಲ್ಲ ನಾನು. ಎಲ್ಲರೂ ಹತ್ತಿದ್ರಾ, ಎಣಿಸಿದ್ರಾ ಅಂತ ಡ್ರೈವರುಗಳ ಪ್ರಾಣ ತಿಂದವಳು." ಅವಳ ಭುಜ ಅಲುಗತೊಡಗಿತು. ಅಳುತ್ತಿದ್ದಾಳೆ ಎಂದು ರಾಯ್ಸ್ ಹತ್ತಿರ ಬಗ್ಗಿದ. "ಸ್ವಂತ ತಮ್ಮನ್ನ ಮೆಕ್ಸಿಕೋದಲ್ಲಿ ಬಿಟ್ಟು ಓಡಿಹೋದೆನಲ್ಲೋ! ಅದೂ ಅವನ ಕಾರ್ಡು ಕುತ್ತಿಗೆಗೆ ಕಟ್ಕೊಂಡು!"

ಅದು ಅಳುವಲ್ಲ. ಮೊದಲು ಮೂಗಿನಲ್ಲಿ ಹೊರಟದ್ದು ಹೊಟ್ಟೆಗಿಳಿಯಿತು.

"ತಿರುಗಿ ಕೂಡ ನೋಡಲಿಲ್ಲ ನೀನು," ಎಂದಳು ಬರ್ನಡೀನ್, ತುಟಿ ಬಿಗಿಹಿಡಿದು.

"ನೋಡಲಿಲ್ಲ! ನಾಯಿ ಅಟ್ಟಿಸಿಕೊಂಡು ಬಂದ ಹಾಗೆ ಓಡಿದೆ!"

"ವರ್ಲೀನ್, ನಾಳೆ ಆ ಬುಕ್ಕಿಂಗ್ ಮೇಜಿಗೆ ನಾಲ್ಕೂ ಜನ ಹೋಗೋಣ. ಆದ್ರೆ ದಡಕ್ಕಿಳಿಯೋ ದಿನದ ಪಟ್ಟಿ ನಾನು ಬರೀತೀನಿ."

"ಏನಂತ ಬರೀತೀಯ?"

"ಇಳಿಯೋದು, ಹತ್ತೋದು. ಮಧ್ಯ ಏನೂ ಇಲ್ಲ."

ವರ್ಲೀನ್ ಕಣ್ಣೊರೆಸಿಕೊಂಡು ಉಸಿರು ಹಿಡಿದಳು. ಬಾಯಿ ತೆರೆದಳು, ಮುಚ್ಚಿದಳು. ತಡೆಯಲಾಗಲಿಲ್ಲ.

"ಹತ್ತೋದು ಎಷ್ಟು ಗಂಟೆಗೆ?"

ಬರ್ನಡೀನಳ ಬಾಯಿಂದ ಮೀನು ಹಾರಿತು. ರಾಯ್ಸ್ ಗೇಟಿನ ಕಂಬ ಹಿಡಿದುಕೊಂಡ, ಕಾವಲಿನವನು ಅರ್ಥವಾಗದೆಯೇ ನಕ್ಕ. ಏಳನೆಯ ಅಂತಸ್ತಿನವರು ಕಟಕಟೆಗೆ ಬಾಗಿ, ಅಷ್ಟು ದೂರಕ್ಕೂ ಕೇಳುವ ಆ ನಗು ಯಾರದು ಎಂದು ಒಡೆಲ್‌ನನ್ನು ಕೇಳತೊಡಗಿದರು. ಅದು ವರ್ಲೀನಳದು.