ಸೂಜಿಯಮ್ಮ

"ಓರೆ ಮಾಡಿ, ಓರೆ ಮಾಡಿ. ಬಾಗಿಲಿಗೆ ತಾಗ್ತಿದೆ," ಎಂದಳು ಚಿಕ್ಕಮ್ಮ.

ಸೋಫಾದ ಒಂದು ತುದಿಯನ್ನು ಮಗಳು ಹಿಡಿದಿದ್ದಳು, ಇನ್ನೊಂದನ್ನು ಶವದ ವ್ಯಾನಿನ ಚಾಲಕ. ಸೋಫಾ ಹೊರಗೆ ಹೋದಮೇಲೆ ಮುಂದಿನ ಕೋಣೆಯಲ್ಲಿ ಅಮ್ಮನಿಗೆ ಜಾಗವಾಯಿತು. ಹಿಂದಿನ ಸಂಜೆ ಕೆಲಸದಿಂದ ಬಂದು ಕುರ್ಚಿಯಲ್ಲಿ ಕೂತವಳು ಮತ್ತೆ ಎದ್ದಿರಲಿಲ್ಲ.

"ಎಷ್ಟು ಜನ ಬರ್ತಾರಮ್ಮ?" ಚಾಲಕ ಕೇಳಿದ. "ಇನ್ನೊಂದು ಗಾಡಿ ಬೇಕಾದ್ರೆ ಈಗಲೇ ಹೇಳ್ಬಿಡಿ."

"ಬೇಡ," ಎಂದಳು ಮಗಳು. "ಮನೆಯವರು, ಕ್ಲಿನಿಕ್ಕಿನಿಂದ ಒಂದಿಬ್ಬರು. ಅಷ್ಟೇ."

ಅಮ್ಮ ಒಂದು ಸಣ್ಣ ಕ್ಲಿನಿಕ್ಕಿನ ಮ್ಯಾನೇಜರ್. ಮಗಳು ಇರುವುದು ಬೇರೆ ಊರಿನಲ್ಲಿ. ಫೋನಿನಲ್ಲಿ ಕೆಲಸದ ಬಗ್ಗೆ ಕೇಳಿದರೆ ಅಮ್ಮ "ಅದೇ ಕೆಮ್ಮು, ಅದೇ ನೆಗಡಿ" ಎಂದು ನಕ್ಕು ಮಾತು ಬದಲಿಸುತ್ತಿದ್ದಳು.

ಮೊದಲು ಬಂದವನು ಒಬ್ಬ ಗಾರೆ ಕೆಲಸದವನು. ಅಮ್ಮನ ಕಾಲು ಮುಟ್ಟಿ ಕಣ್ಣಿಗೊತ್ತಿಕೊಂಡ.

"ನಮ್ಮನೇಲಿ ಇವರನ್ನ ಸೂಜಿಯಮ್ಮ ಅಂತಾನೇ ಕರೆಯೋದು," ಎಂದು ಮಗಳಿಗೆ ಹೇಳಿದ. "ನನ್ನ ಮಗಳಿಗೆ ಚಿಕ್ಕಂದಿನಿಂದ ಸಕ್ಕರೆ ಕಾಯಿಲೆ. ರಕ್ತ ತೆಗೀತಾರೆ ಅಂದ್ರೆ ಬೀದಿಗೆಲ್ಲ ಕೇಳೋ ಹಾಗೆ ಅರಚೋಳು. ಇವರು ಅವಳ ಹತ್ರ ಜಗಳಕ್ಕೆ ನಿಲ್ಲೋರು. ನಿನ್ನ ಗೊಂಬೆ ಹೆಸರು ಚೆನ್ನಾಗಿಲ್ಲ, ಬದಲಾಯಿಸು ಅಂತ. ಅವಳು ವಾದ ಮಾಡೋಷ್ಟರಲ್ಲಿ ಇವರ ಕೆಲಸ ಮುಗಿದಿರೋದು."

"ಸೂಜಿಯಮ್ಮ ಈಚೆಗೆ ಕಣಪ್ಪ. ನಮ್ಮ ಕಾಲಕ್ಕೆ ಕೌಂಟರಮ್ಮ," ಎಂದಳು ಹಿಂದೆಯೇ ಬಂದ ಅಜ್ಜಿ. "ನಮ್ಮ ಯಜಮಾನ್ರು ಹೋದಮೇಲೆ ನಾನು ಸುಮ್‌ಸುಮ್ನೆ ಕ್ಲಿನಿಕ್ಕಿಗೆ ಹೋಗ್ತಿದ್ದೆ. ಕಾಯಿಲೆ ಇಲ್ಲ, ಕಸಾಲೆ ಇಲ್ಲ. ಅವಳಿಗೂ ಗೊತ್ತಿತ್ತು. ಆದ್ರೂ, ನಿಮ್ಮ ಸರದಿ ಇನ್ನೂ ತಡ, ಕೂತ್ಕೊಳ್ಳಿ ಅನ್ನೋಳು. ಮಧ್ಯಾಹ್ನ ಆದ್ರೂ ನನ್ನ ಸರದಿ ಬರ್ತಾನೇ ಇರ್ಲಿಲ್ಲ."

ಅಜ್ಜಿ ನಗಲು ಹೋಗಿ ಅತ್ತುಬಿಟ್ಟಳು. ಮಗಳು ಅವಳನ್ನು ಹಿಡಿದು ಕೂರಿಸಿದಳು. ಈ ಮಾತುಗಳಲ್ಲಿ ಒಂದನ್ನೂ ಅವಳು ಹಿಂದೆ ಕೇಳಿರಲಿಲ್ಲ.

ಆ ಮಾತು ಕೇಳಿಸಿಕೊಳ್ಳುತ್ತಲೇ ಕ್ಲಿನಿಕ್ಕಿನ ಹಳೆಯ ಡಾಕ್ಟರು, ಈಗ ಕೌಂಟರಿನಲ್ಲಿರುವ ಹೆಂಗಸಿನ ತೋಳು ಹಿಡಿದು ಒಳಗೆ ಬಂದರು. "ನನಗೆ ಗೊತ್ತಿದ್ದೋಳು ಸೂಜಿಯಮ್ಮ, ಕೌಂಟರಮ್ಮ ಇಬ್ಬರಿಗೂ ಮುಂಚಿನವಳು," ಎಂದು ಅಮ್ಮನ ಪಕ್ಕದಲ್ಲಿ ಕೂತರು.

*

ಡಾಕ್ಟರು ಅಮ್ಮನನ್ನು ಮೊದಲು ಕರೆಸಿಕೊಂಡದ್ದು ನೆಲ ಒರೆಸಲು. ಕೌಂಟರಿನವನು ಹೇಳದೆ ಕೇಳದೆ ಕೆಲಸ ಬಿಟ್ಟ ದಿನ ಫೋನ್ ಬಡಿದುಕೊಳ್ಳುತ್ತಲೇ ಇತ್ತು. ಅವಳು ಒದ್ದೆ ಕೈ ಒರೆಸಿಕೊಂಡು ಎತ್ತಿದಳು. ಅಂದಿನಿಂದ ಕೌಂಟರ್ ಅವಳದಾಯಿತು. ಕೆಲವು ವರ್ಷಗಳ ಬಳಿಕ, ಮಗಳನ್ನು ತಂಗಿಯ ಮನೆಯಲ್ಲಿ ಬಿಟ್ಟು, ಸಂಜೆ ತರಗತಿಗೆ ಹೋಗಿ ರಕ್ತ ತೆಗೆಯುವುದನ್ನು ಕಲಿತಳು.

ಮೊದಲ ದಿನ ಯಾರೂ ಕೈ ಚಾಚಲಿಲ್ಲ.

"ನಿನ್ನೆ ತನಕ ಚೀಟಿ ಕೊಡ್ತಿದ್ದೋರು ಇವತ್ತು ಸೂಜಿ ಹಿಡಿದ್ರೆ ಹೇಗೆ?" ಎಂದು ಒಬ್ಬ ಎದ್ದೇ ಹೋದ. ಉಳಿದವರು ಮುಖ ತಿರುಗಿಸಿಕೊಂಡರು. ಅವಳು ಸೂಜಿಯ ತಟ್ಟೆಯನ್ನು ಮೇಜಿನ ಮೇಲಿಟ್ಟು ಗೋಡೆ ನೋಡುತ್ತ ನಿಂತಳು.

ಡಾಕ್ಟರು ತಮ್ಮ ಕೋಣೆಯಿಂದ ಎದ್ದು ಬಂದು, ರೋಗಿಗಳ ನಡುವೆಯೇ ಕುರ್ಚಿ ಎಳೆದುಕೊಂಡು ಕೂತು, ಅಂಗಿಯ ತೋಳು ಮಡಚಿದರು.

"ನಂದು ತೆಗಿ."

ಅವಳು ಎರಡೆರಡು ಸಲ ನರ ತಡಕಿದಳು. ಸೂಜಿ ಚುಚ್ಚಿದಳು, ರಕ್ತ ಬರಲಿಲ್ಲ. ಇಡೀ ಕೋಣೆ ನೋಡುತ್ತಿತ್ತು.

"ಇರ್ಲಿ ಬಿಡು. ಇನ್ನೊಂದು ಕೈ ಇದೆಯಲ್ಲ," ಎಂದು ಡಾಕ್ಟರು ಆ ತೋಳನ್ನೂ ಮಡಚತೊಡಗಿದರು.

ಈ ಸಲ ಗಾಜಿನ ಕೊಳವೆ ಮೆಲ್ಲಗೆ ಕೆಂಪಾಯಿತು. ಅವಳು ತಲೆ ಎತ್ತುವ ಹೊತ್ತಿಗೆ ಮೂಲೆಯಲ್ಲಿದ್ದ ಹೆಂಗಸೊಬ್ಬಳು ಬಳೆ ಹಿಂದಕ್ಕೆ ಸರಿಸಿಕೊಳ್ಳುತ್ತಿದ್ದಳು.

*

"ಮ್ಯಾನೇಜರ್ ಆಗು ಅಂದಾಗ ನನಗೇ ಷರತ್ತು ಹಾಕಿದಳು," ಎಂದರು ಡಾಕ್ಟರು. "ನೆಲ ಒರೆಸೋಕೆ ಯಾರೇ ಬರ್ಲಿ, ಅವರಿಗೆ ಮುಂದಿನ ಕೆಲಸ ನಾನು ಕಲಿಸ್ತೀನಿ, ನೀವು ಅಡ್ಡ ಬರಬಾರದು ಅಂತ."

"ನಾನೂ ಬಕೆಟ್ ಹಿಡಿದೇ ಬಂದೋಳು," ಎಂದಳು ಕೌಂಟರಿನ ಹೆಂಗಸು. "ಈಗ ರಕ್ತ ತೆಗೆಯೋಳು, ಔಷಧಿ ಕೊಡೋಳು, ಗಾಯಕ್ಕೆ ಪಟ್ಟಿ ಕಟ್ಟೋನು, ಎಲ್ಲರೂ ಹಾಗೇ ಬಂದೋರು. ಬಯ್ದು ಬಯ್ದು ಕಲಿಸಿದ್ರು."

ಮಗಳು ಅಮ್ಮನ ಮುಖವನ್ನು ಹೊಸಬರನ್ನು ನೋಡುವಂತೆ ನೋಡಿದಳು.

"ಅವರೆಲ್ಲ ಬರಲಿಲ್ವಾ?"

"ಕ್ಲಿನಿಕ್ ತೆರೆದಿದೆಯಲ್ಲ. ಇವತ್ತು ಮುಚ್ಚೋಣ ಅಂತ ಚಿಕ್ಕ ಡಾಕ್ಟರು ಬೀಗ ಕೈಗೆ ತಗೊಂಡಿದ್ರು. ಜ್ವರದವರನ್ನ ಬಾಗಿಲಿಂದ ವಾಪಸ್ ಕಳಿಸಿದ್ರೆ ಇವರು ಎದ್ದು ಬಂದು ಬಯ್ತಾರೆ ಅಂತ ನಾವೇ ಬಿಡಲಿಲ್ಲ."

"ಬಯ್ಯೋಳೇ," ಎಂದು ಚಿಕ್ಕಮ್ಮ ಕಣ್ಣೊರೆಸಿಕೊಂಡಳು.

ಹೊರಡುವ ಹೊತ್ತಾಯಿತೆಂದು ಮಗಳು ಬಾಗಿಲಿಗೆ ಬಂದವಳು ಹೊಸ್ತಿಲಲ್ಲೇ ನಿಂತುಬಿಟ್ಟಳು. ಬೀದಿಯ ಎರಡೂ ಬದಿಗೆ, ತಿರುವಿನವರೆಗೂ ಜನ. ಊರುಗೋಲು ಹಿಡಿದವರು, ಕೂಸನ್ನು ಎತ್ತಿಕೊಂಡವರು, ಕೆಲಸದ ಬಟ್ಟೆಯಲ್ಲೇ ಬಂದವರು. ಅಷ್ಟು ಜನರಿದ್ದರೂ ಗುಬ್ಬಚ್ಚಿಗಳ ಸದ್ದು ಕೇಳುತ್ತಿತ್ತು.

"ಗಾಡಿ ಬೇಡ ಅಂದ್ರಲ್ಲಮ್ಮ," ಎಂದ ಚಾಲಕ, ತಗ್ಗಿದ ದನಿಯಲ್ಲಿ.

ಅವಳು ಹೊಸ್ತಿಲು ದಾಟಿ ಜನರಿಗೆ ಕೈಮುಗಿದಳು.

"ನಡ್ಕೊಂಡೇ ಬರ್ತೀವಿ, ಬಿಡಿ," ಎಂದ ಗಾರೆಯವನು.

ವ್ಯಾನ್ ನಡಿಗೆಯ ವೇಗದಲ್ಲಿ ಹೊರಟಿತು. ಅಮ್ಮನ ಪಕ್ಕದಲ್ಲಿ ಕೂತಿದ್ದ ಮಗಳು ಕಿಟಕಿಯ ಗಾಜಿಗೆ ಹಣೆ ಹಚ್ಚಿದಳು. ಕ್ಲಿನಿಕ್ಕಿನ ಮುಂದೆ ಬಂದಾಗ ಒಳಗಿದ್ದವರೆಲ್ಲ ಫುಟ್‌ಪಾತಿಗೆ ಇಳಿದಿದ್ದರು. ಒಬ್ಬ ಮೊಣಕೈ ಮಡಚಿ ಹತ್ತಿ ಒತ್ತಿಕೊಂಡಿದ್ದ. ಒಬ್ಬಳ ಅಂಗೈಗೆ ಪಟ್ಟಿ ಅರ್ಧ ಸುತ್ತಿತ್ತು. ಉಳಿದರ್ಧದ ಸುರುಳಿ ಹಿಡಿದು ಕಟ್ಟುವವನೂ ಜೊತೆಗೇ ನಿಂತಿದ್ದ. ಸಾಲಿನ ಕೊನೆಯಲ್ಲಿ ಮುದುಕನೊಬ್ಬ, ಬಾಯಲ್ಲಿದ್ದ ಥರ್ಮಾಮೀಟರ್ ಬೀಳದಂತೆ ತುಟಿ ಬಿಗಿದುಕೊಂಡು, ಗದ್ದ ತುಸು ಮೇಲೆತ್ತಿ, ವ್ಯಾನ್ ದಾಟಿಹೋಗುವವರೆಗೂ ನೆಟ್ಟಗೆ ನಿಂತಿದ್ದ.