ದುಮ್ಮವಾಡದ ಮದುವೆಗೆ ಬಂದ ಹ್ಯಾಂಡೆಲಬಾಯಿ

ಬೇಸಿಗೆಯ ಬಿಸಿಲಿಗೆ ಏನನ್ನು ಹರವಬೇಕು, ಏನನ್ನು ಹರವಬಾರದು ಎಂಬುದು ದುಮ್ಮವಾಡದ ಹೆಂಗಸರಿಗೆ ಯಾರೂ ಕಲಿಸಬೇಕಾದ ವಿದ್ಯೆಯಲ್ಲ. ಶಮೀಮಾಬಿಗಂತೂ ಅಲ್ಲವೇ ಅಲ್ಲ. ಅವಳ ಸಂಡಿಗೆ, ಶಾವಿಗೆ ಓಣಿಗೆಲ್ಲ ಹೆಸರುವಾಸಿ. ಆದರೆ ಎಪ್ಪತ್ನಾಲ್ಕನೆಯ ಇಸವಿಯ ಮೇ ತಿಂಗಳಲ್ಲಿ, ಗುಡದಪ್ಪನ ಮಗಳ ಮದುವೆಯ ಹಿಂದಿನ ದಿನ, ಗಂಡನ ರೆಕಾರ್ಡುಗಳ ಪೆಟ್ಟಿಗೆ ತೆರೆದಾಗ ಮುಗ್ಗಲು ವಾಸನೆ ಬಂತು. ಪಾಪ, ಗಂಡನ ಮೇಲಿನ ಪ್ರೀತಿಯಿಂದಲೇ ಅವಳು ಅವೆಲ್ಲವನ್ನೂ ಮಾಳಿಗೆಯ ಮೇಲೆ ಸಂಡಿಗೆಯ ಬಾಜು ಸಾಲಾಗಿ ಹರವಿ ಬಂದಳು.

ಸಂಜೆ ಇಮಾಮುದ್ದೀನ ಮಾಳಿಗೆ ಹತ್ತಿ ನೋಡಿದರೆ ಸಂಡಿಗೆ ಚಪ್ಪಟೆಯಾಗಿದ್ದವು, ರೆಕಾರ್ಡುಗಳು ಉಬ್ಬಿದ್ದವು.

ಇಮಾಮುದ್ದೀನ ಊರಿನ ಮೈಕ್ ಸೆಟ್ಟಿನ ಮಾಲೀಕ. ಸೆಟ್ಟು ಅಂದರೆ ಒಂದು ಹಾರ್ನ್, ಒಂದು ಆಂಪ್ಲಿಫೈಯರ್, ಲಾರಿಯಿಂದ ಇಳಿದ ಹಳೆಯ ಬ್ಯಾಟರಿ, ಸೂಟ್‌ಕೇಸಿನಂತೆ ಮುಚ್ಚುವ ರೆಕಾರ್ಡ್ ಪ್ಲೇಯರ್, ಮತ್ತು ಈಗ ಬಟ್ಟಲುಗಳಾಗಿ ಕೂತಿದ್ದ ಈ ರೆಕಾರ್ಡುಗಳು.

"ಏನ್ ಮಾಡಿಟ್ಟೀ ಬೇ ಇದನ್ನ?"

"ವಾಸನಿ ಹೊಡ್ಯಾಕತ್ತಿತ್ತಲ್ರೀ. ಬಿಸಲ ಕಂಡರ ಹುಳಾ ಹತ್ತೂದಿಲ್ಲ ಅಂತ..."

"ಹುಳಾ ಹತ್ತಾಕ ಇವೇನ್ ಕಡ್ಲಿಬ್ಯಾಳಿ ಏನು?"

ಶಮೀಮಾಬಿ ಒಂದನ್ನೆತ್ತಿ ಬೆಳಕಿಗೆ ಹಿಡಿದಳು. "ಸ್ವಲ್ಪ ಡೊಂಕ ಆಗೈತಿ, ಅಷ್ಟ. ಮ್ಯಾಲ ಬೀಸೂಕಲ್ಲ ಇಟ್ಟರ ನೆಟ್ಟಗ ಆಗೂದಿಲ್ಲೇನು?"

ಬೀಸುವ ಕಲ್ಲು ಇಟ್ಟರು. ರೆಕಾರ್ಡು ಎರಡಾಯಿತು.

ಇಮಾಮುದ್ದೀನ ತಲೆಯ ಮೇಲೆ ಕೈಹೊತ್ತು ಕುಳಿತ. ಅವನ ಸಂಕಟ ಬರೀ ರೆಕಾರ್ಡಿನದಲ್ಲ. ಗಂಡಿನ ಕಡೆಯವರು ತಂಬೂರು ಊರಿನವರು. ಅವರ ಊರಿನ ಹೊಳೆಪ್ಪನ ಹತ್ತಿರ ಎರಡು ಹಾರ್ನಿನ ಹೊಸ ಸೆಟ್ಟು ಇತ್ತು. ಅದನ್ನೇ ತರುತ್ತೇವೆ ಎಂದು ಅವರು ನಿಶ್ಚಯದ ದಿನವೇ ಹಟ ಹಿಡಿದಿದ್ದರು. ಗುಡದಪ್ಪ ಮೀಸೆ ತಿರುವಿ, "ನಮ್ಮೂರ ಇಮಾಮುದ್ದೀನ ಇರೂತನಾ ನನ್ನ ಹಂದರಕ್ಕ ಪರ ಊರ ಹಾರ್ನ್ ಏರೂದಿಲ್ಲ" ಎಂದು ಬೀಗರ ಮುಂದೆ ಮಾತು ಕೊಟ್ಟುಬಿಟ್ಟಿದ್ದ. ನಾಳೆ ಹಾರ್ನ್ ಬಾಯಿ ಬಿಡದೆ ಇದ್ದರೆ ಗುಡದಪ್ಪನ ಮೀಸೆಯೂ ಹೋಯಿತು, ದುಮ್ಮವಾಡದ ಮದುವೆಗಳೆಲ್ಲ ಹೊಳೆಪ್ಪನ ಪಾಲಾದವು. ಮುಂದೆ ತನ್ನ ಹಾರ್ನಿನಲ್ಲಿ ಕೋಳಿ ಮೊಟ್ಟೆಯಿಡಬೇಕು ಅಷ್ಟೆ.

"ಅಟ್ಟದ ಮ್ಯಾಲ ಆ ರಾಯರು ಕೊಟ್ಟ ಡಬ್ಬಿ ಐತಲ್ರೀ," ಎಂದಳು ಶಮೀಮಾಬಿ ಮೆಲ್ಲಗೆ. "ಅದನ್ನ ನಾ ಮುಟ್ಟಿಲ್ಲ."

ಕಲಘಟಗಿಯಲ್ಲಿದ್ದ ಅರಣ್ಯ ಇಲಾಖೆಯ ಪಾಂಡುರಂಗರಾಯರು ವರ್ಗವಾಗಿ ಹೋಗುವಾಗ, ತಮ್ಮ ಸತ್ತ ರೇಡಿಯೋವನ್ನು ಬದುಕಿಸಿಕೊಟ್ಟ ಇಮಾಮುದ್ದೀನನಿಗೆ ಪ್ರೀತಿಯಿಂದ ಒಂದು ಡಬ್ಬಿ ದೊಡ್ಡ ರೆಕಾರ್ಡು ಕೊಟ್ಟಿದ್ದರು. "ಇವು ಹ್ಯಾಂಡೆಲ್ ಅವರವು. ಆಪೆರಾ, ಆರಟೋರಿಯೊ, ಕನ್ಸರ್ಟೊ, ಎಲ್ಲಾ ಅವ. ಭಾಳ ದೊಡ್ಡವರು, ಜ್ವಾಕಿ" ಎಂದಿದ್ದರು. ಇಮಾಮುದ್ದೀನ ಮೂರೂ ಹೆಸರನ್ನು ಬಾಯಿಪಾಠ ಮಾಡಿ ಡಬ್ಬಿಯನ್ನು ಅಟ್ಟಕ್ಕೆ ಏರಿಸಿದ್ದ. ಈಗ ಧೂಳು ಒರೆಸಿದರೆ ಮೇಲೆ ಒಂದು ಚಿತ್ರ. ತುಂಬಿದ ಗಲ್ಲ, ಎರಡು ಮಡಿಕೆಯ ಗದ್ದ, ಕೊರಳಿಗೆ ಬಿಳಿ ಜಾಲರಿ, ಹೆಗಲ ಮೇಲೆ ಗುಂಗುರು ಗುಂಗುರಾಗಿ ಇಳಿದ ಬೆಳ್ಳಗಿನ ಕೂದಲು. ಇನ್ನೂರು ವರ್ಷದ ಹಿಂದೆ ವಿಲಾಯತಿಯ ಗಂಡಸರೂ ಇಂಥ ಕೂದಲಿನ ಟೋಪನ್ ಹಾಕುತ್ತಿದ್ದರೆಂದು ರಾಯರು ಹೇಳಿರಲಿಲ್ಲ.

"ಯಾರೋ ದೊಡ್ಡ ಬಾಯಿಯವರು," ಎಂದ ಇಮಾಮುದ್ದೀನ ಗೌರವದಿಂದ. ಹುಬ್ಬಳ್ಳಿ, ಧಾರವಾಡದ ಕಡೆ ಹಾಡುವ ದೊಡ್ಡ ಹೆಂಗಸರ ಹೆಸರಿನ ಕೊನೆಗೆಲ್ಲ ಬಾಯಿ ಇರುವುದು ಅವನಿಗೆ ಗೊತ್ತಿತ್ತು. "ಹ್ಯಾಂಡೆಲಬಾಯಿ."

"ವಯಸ್ಸಾದರೂ ಕೂದಲ ನೋಡ್ರಿ," ಎಂದು ಶಮೀಮಾಬಿ ತನ್ನ ಜಡೆ ಮುಟ್ಟಿಕೊಂಡಳು.

ಮರುದಿನ ಹೊತ್ತು ಮೂಡುವುದರೊಳಗೆ ಗುಡದಪ್ಪನ ಅಂಗಳದ ಬೇವಿನ ಗಿಡಕ್ಕೆ ಹಾರ್ನ್ ಏರಿತು. ತಂಬೂರಿನ ಚಕ್ಕಡಿಗಳೂ ಬಂದವು. ಕೊನೆಯ ಚಕ್ಕಡಿಯಿಂದ ಹೊಳೆಪ್ಪ ಇಳಿದ. ಅವನ ಹಿಂದೆ ಕಂಬಳಿ ಸುತ್ತಿದ ಎರಡು ಹಾರ್ನುಗಳು ಇಳಿದವು.

"ಇದೇನೋ ಹೊಳೆಪ್ಪಾ, ಕೂಸುಗಳನ್ನೂ ಕರಕೊಂಡ ಬಂದೀ?" ಎಂದ ಇಮಾಮುದ್ದೀನ.

"ಇರ್ಲಿ ಅಂತ ತಂದೆ. ನಿಂದು ಕೆಮ್ಮಾಕ ಹತ್ತಿದರ ಬೇಕಾಗತಾವ," ಎಂದು ಹೊಳೆಪ್ಪ ಕಂಬಳಿ ಸರಿಪಡಿಸಿದ.

ಇಮಾಮುದ್ದೀನ ಅಲ್ಲಾನ ಹೆಸರು ಹೇಳಿ ಮೊದಲು ಆಪೆರಾ ಹಚ್ಚಿದ. ತಂತಿವಾದ್ಯಗಳು ಸರಸರ ಓಡಿ ನಿಂತವು. ಒಬ್ಬ ಹೆಂಗಸು ಬೇವಿನ ಗಿಡದಿಂದ ಗುಡ್ಡದವರೆಗೆ ಕೇಳುವಂತೆ ದನಿಯೆತ್ತಿದಳು. ಗೋದಲಿಯ ಎತ್ತುಗಳು ಮೇವು ಬಿಟ್ಟು ತಲೆಯೆತ್ತಿದವು. ರೊಟ್ಟಿ ಬಡಿಯುವ ಹೆಂಗಸರ ಕೈ ನಿಂತಿತು.

ಗುಡದಪ್ಪನ ತಾಯಿ ರೇವವ್ವ ಕೋಲೂರಿ ಬಂದಳು. ವಯಸ್ಸಿನ ಕಾಲಕ್ಕೆ ಕಂಪನಿ ನಾಟಕ ಒಂದೂ ಬಿಡದೆ ನೋಡಿದ ಮುದುಕಿ. ಹಾಡಿನ ವಿಷಯದಲ್ಲಿ ಊರಿಗೆ ಅವಳದೇ ಕೊನೆಯ ಮಾತು.

"ಯಾರಪಾ ಈಕಿ?"

"ಹ್ಯಾಂಡೆಲಬಾಯಿ, ಅವ್ವಾ. ವಿಲಾಯತದಾಕಿ." ಅವನು ಡಬ್ಬಿಯ ಚಿತ್ರ ತೋರಿಸಿದ.

ರೇವವ್ವ ಚಿತ್ರವನ್ನು ಮೂಗಿನ ತನಕ ತಂದಳು. "ಉಂಡು ತಿಂದ ಮನಿತಾನ. ದನಿ ಸುಳ್ಳಲ್ಲ ಮತ್ತ. ಆದರ ಹಣಿ ಬರೇದು ಐತಲ್ಲೋ."

"ಅಲ್ಲಿ ಥಂಡಿ ಭಾಳ. ಕುಂಕಮ ನಿಲ್ಲೂದಿಲ್ಲಂತ," ಎಂದ ಇಮಾಮುದ್ದೀನ. ಸುಳ್ಳು ತಾನಾಗಿಯೇ ಬಂತು. ಮೈಯಲ್ಲಿ ಬೆವರೂ ಬಂತು.

ಹೊಳೆಪ್ಪ ದೊಡ್ಡದಾಗಿ ಆಕಳಿಸಿ ಹಾರ್ನುಗಳ ಕಂಬಳಿ ಸರಿಸಿದ. "ಕಾಲ್ ತುಳದ ನಾಯಿ ಹಂಗ ಒದರಾಕತ್ತಾಳ. ಗುಡದಪ್ಪಣ್ಣಾ, ನಮ್ಮದನ್ನ ಕಟ್ಟಲೇನು?"

ಗುಡದಪ್ಪ ತಾಯಿಯ ಮುಖ ನೋಡಿದ. ಇಮಾಮುದ್ದೀನನೂ ನೋಡಿದ. ಅಷ್ಟರಲ್ಲಿ ಹ್ಯಾಂಡೆಲಬಾಯಿ ಹಾಡು ಮುಗಿಸಿ, ನಡುವೆ ಬೇರೇನೋ ನಾಲ್ಕು ಮಾತು ಅಳುದನಿಯಲ್ಲಿ ಆಡಿ, ಹೊಳ್ಳಿ ಮೊದಲಿನ ಹಾಡನ್ನೇ ಹಿಡಿದಳು. ಈ ಸಲ ದನಿಗೆ ಕುಚ್ಚು, ಜರಿ, ಜಾಲರಿ ಎಲ್ಲ ಕಟ್ಟಿದ್ದಳು.

ರೇವವ್ವ ಕೋಲನ್ನು ನೆಲಕ್ಕೆ ಕುಟ್ಟಿದಳು. "ಅಬಬಬ! ನಾವಿನ್ನೂ ಒನ್ಸ್ ಮೋರ್ ಅಂದಿಲ್ಲ, ತಾನ ಹೊಳ್ಳಿ ಹಾಡಾಕತ್ತಾಳ! ನಮ್ಮ ಕಾಲದ ನಟರು ಒಂದ್ ಒನ್ಸ್ ಮೋರಿಗೆ ಎಷ್ಟ ಬಿಂಕ ಮಾಡತಿದ್ದರು. ಈಕೀದು ದೊಡ್ಡ ಮನಸ್ಸು. ಇರ್ಲಿ, ಇದನ್ನ ಹಚ್ಚು."

ಹೊಳೆಪ್ಪನ ಕಂಬಳಿ ಮತ್ತೆ ಮುಚ್ಚಿಕೊಂಡಿತು.

ಆಮೇಲೆ ಒಬ್ಬ ಗಂಡಸು ಬಾವಿಯೊಳಗಿಂದ ಎದ್ದಂತೆ ದಪ್ಪ ದನಿಯಲ್ಲಿ ಹಾಡಿದ.

"ಇವನ್ಯಾರೋ?"

"ಆಕಿ ಗಂಡ, ಅವ್ವಾ."

"ಸಿಟ್ಟಿಗೆದ್ದಾನ. ಅಡಗಿ ತಡಾ ಆಗಿರಬೇಕು." ರೇವವ್ವನ ಸುತ್ತ ಹೆಂಗಸರು ನೆರೆದರು. ಇಪ್ಪತ್ತು ಜನ ಕೂಡಿ ಹಾಡಿದಾಗ ಅದು ಹ್ಯಾಂಡೆಲಬಾಯಿಯ ಅತ್ತೆ-ಮಾವ, ನಾದಿನಿಯರು, ಮೈದುನರು ಎಂದು ಅವರವರೇ ತೀರ್ಮಾನಿಸಿದರು. ಹಾಡಿನೊಳಗೆ ಸೊಸೆ ತವರಿಗೆ ಹೊರಟಳು, ತಡೆದರು, ಕೇಳಲಿಲ್ಲ, ಮತ್ತೆ ಬಂದಳು. ಇಮಾಮುದ್ದೀನ ಕನ್ಸರ್ಟೊ ಹಚ್ಚಿದ. ಬರೀ ವಾದ್ಯ, ದನಿಯೇ ಇಲ್ಲ.

"ಎಲ್ಲಿ ಹೋದಳೋ ಇಮಾಮಾ?"

"ಉಣ್ಣಾಕ ಹೋಗ್ಯಾಳ್ರೀ."

"ಉಣ್ಣಲಿ ಬಿಡು. ಬೆಳಗಿನಿಂದ ಹಾಡ್ಯಾಳ."

ಇನ್ನುಳಿದದ್ದು ಮುಹೂರ್ತ. ದುಮ್ಮವಾಡದಲ್ಲಿ ಅದಕ್ಕೊಂದು ಪದ್ಧತಿ ಬಿದ್ದಿತ್ತು. ಹಂದರ ಉದ್ದ, ಜನ ಬಹಳ; ಹಿಂದೆ ಕುಳಿತವರಿಗೆ ತಾಳಿಯೂ ಕಾಣುವುದಿಲ್ಲ, ಅಯ್ಯನವರ ಮಂತ್ರವೂ ಕೇಳುವುದಿಲ್ಲ. ಅದಕ್ಕೇ ಅಯ್ಯನವರು ಕೈ ಎತ್ತಬೇಕು, ಇಮಾಮುದ್ದೀನ ಜೋರಾದ ರೆಕಾರ್ಡು ಹಚ್ಚಬೇಕು, ಹಾರ್ನ್ ಗುಡುಗಿದ ಕೂಡಲೆ ಜನ ಅಕ್ಕಿಕಾಳು ಒಗೆಯಬೇಕು. ಇಮಾಮುದ್ದೀನ ಡಬ್ಬಿಯಲ್ಲಿದ್ದ ಆರಟೋರಿಯೊ ತೆಗೆದು, ಕಹಳೆಯ ಚಿತ್ರವಿದ್ದ ಮಗ್ಗುಲು ನೋಡಿ, ಸೂಜಿ ಹಿಡಿದು ಕುಳಿತ.

ಎಲ್ಲರ ಮುಷ್ಟಿಗೂ ಅರಿಷಿಣದ ಅಕ್ಕಿ ಬಂತು. ಹೊಳೆಪ್ಪನ ಮುಷ್ಟಿಗೂ ಬಂತು. "ಈ ಹಾರ್ನಿಗೆ ನಾ ಒಂದ್ ಕಾಳೂ ಒಗಿಯಾಂವಲ್ಲ," ಎಂದು ಅವನು ಮುಷ್ಟಿಯನ್ನು ಕಂಕುಳಿಗೆ ಸಿಕ್ಕಿಸಿಕೊಂಡ.

ಅಯ್ಯನವರು ಮಂತ್ರ ಶುರುಮಾಡಿದರು. ಹಿಂದೆ ಗದ್ದಲ ಎದ್ದಿತು. "ಸುಮ್ಮಕ ಕುಂದರ್ರಿ" ಎನ್ನಲು ಅಯ್ಯನವರು ಕೈ ಎತ್ತಿದರು.

ಇಮಾಮುದ್ದೀನ ಸೂಜಿ ಬಿಟ್ಟ.

ಕಹಳೆ, ನಗಾರಿ, ನೂರು ಗಂಟಲು ಒಮ್ಮೆಗೇ ಬೇವಿನ ಗಿಡದಿಂದ ಉರುಳಿದವು. ಜನ ಅಕ್ಕಿ ಒಗೆದರು. "ಈಗಲ್ಲೋ!" ಎಂದು ಅಯ್ಯನವರು ಎರಡೂ ಕೈ ಎತ್ತಿದರು. ಎರಡು ಕೈ ಕಂಡ ಇಮಾಮುದ್ದೀನ ದನಿಯನ್ನು ಇನ್ನಷ್ಟು ತಿರುವಿದ. ಹಾಡು ಮುಗಿದಂತಾಯಿತು, ಮುಗಿಯಲಿಲ್ಲ, ಮತ್ತೆ ಗುಡುಗಿತು. ಜನ ಮತ್ತೆ ಒಗೆದರು. ಹ್ಯಾಂಡೆಲಬಾಯಿಯ ಮನೆತನದವರಿಗೆ ಹಾಡು ಮುಗಿಸುವ ಅಭ್ಯಾಸವೇ ಇದ್ದಂತಿರಲಿಲ್ಲ. ಒಂದು ಮೆಟ್ಟಿಲು ಏರಿ ಗುಡುಗಿದರು, ಇನ್ನೊಂದು ಏರಿ ಗುಡುಗಿದರು. ಗುಡುಗಿಗೊಂದು ಮಳೆ. ಮದುಮಗನ ಬಾಸಿಂಗದ ತುಂಬ ಅಕ್ಕಿ. ಮದುಮಗಳು ನಕ್ಕು ಬಾಯಿ ತೆರೆದದ್ದೇ ತಪ್ಪಾಯಿತು, ಬಾಯಲ್ಲೂ ಅಕ್ಕಿ.

"ತಾಳಿ ಎಲ್ಲೈತಿ?" ಎಂದು ಅಯ್ಯನವರು ಕೂಗಿದರು. ತಾಳಿಯಿದ್ದ ತಟ್ಟೆ ಅಕ್ಕಿಯ ಗುಡ್ಡದಡಿ ಮುಚ್ಚಿಹೋಗಿತ್ತು. ಬೀಗರಿಬ್ಬರೂ ಮೊಣಕಾಲೂರಿ, ಶೇಂಗಾ ಕೀಳುವವರಂತೆ, ಕೆದಕತೊಡಗಿದರು.

"ಅಕ್ಕಿ ತರ್ರಿ! ಇನ್ನಷ್ಟ ಅಕ್ಕಿ!" ಎಂದು ಗುಡದಪ್ಪ ಅಡಿಗೆಯವನತ್ತ ಒದರಿದ.

"ಉಳಿದದ್ದ ಅನ್ನ ಆಗೇತ್ರಿ. ಅನ್ನಾ ಒಗಿತೀರೇನು?"

ಆಗ ತಾಳಿ ಸಿಕ್ಕಿತು. ಮದುಮಗ ಗಂಟು ಹಾಕಿದ. ಅಯ್ಯನವರು ನಿಜವಾಗಿ ಕೈ ಎತ್ತಿದರು. ಅದೇ ಹೊತ್ತಿಗೆ ಹಾರ್ನ್ ಗಪ್ಪಾಯಿತು. ಒಂದು ಉಸಿರಿನಷ್ಟು ಮೌನ. ಇಮಾಮುದ್ದೀನ ಸೂಜಿಯ ಮೇಲೆ ಬಗ್ಗಿದ: ಇಡೀ ಬೆಳಗು ಹಾಡಿ, ಬೇಕಾದ ಗಳಿಗೆಗೆ ಕೈಕೊಟ್ಟಳಲ್ಲ ಬಾಯಿ!

ಆಗ ಬಂತು ಕೊನೆಯ ಗುಡುಗು. ನೂರು ಗಂಟಲು, ನಿಧಾನಕ್ಕೆ, ನೆಲ ಹಿಡಿಯುವಂತೆ.

ಎಲ್ಲರೂ ಕೈ ಎತ್ತಿದರು. ಎಲ್ಲರ ಕೈಯೂ ಬರಿದು.

ತಾಳಿ ಕಟ್ಟಿದ ಗಳಿಗೆಗೆ ಒಂದು ಕಾಳೂ ಬೀಳದ ಮದುವೆಯನ್ನು ಯಾರು ಕಂಡಿದ್ದಾರೆ? ಹಂದರದ ಕಣ್ಣುಗಳೆಲ್ಲ ಅತ್ತಿತ್ತ ಹೊರಳಿ, ಕಡೆಗೆ ಒಂದು ಕಂಕುಳಿನ ಮೇಲೆ ಬಂದು ನಿಂತವು.

"ಲೇ ಹೊಳೆಪ್ಪಾ," ಎಂದಳು ರೇವವ್ವ, "ಆ ಮುಷ್ಟ್ಯಾಗ ಏನ್ ಮರಿ ಮಾಡಿಸಬೇಕಂತ ಕಾವ ಕೊಡಾಕತ್ತೀ? ಒಗಿಯೋ!"

ಹೊಳೆಪ್ಪ ಇಮಾಮುದ್ದೀನನನ್ನು ನೋಡಿದ. ಹಾರ್ನನ್ನು ನೋಡಿದ. ಆ ಕೊನೆಯ ದನಿ ಇನ್ನೂ ಗಿಡದ ಎಲೆಗಳಲ್ಲಿ ನಿಂತಿತ್ತು. ಅವನು ಕೈ ಬಿಚ್ಚಿ ಒಗೆದ. ಬೆವರಿಗೆ ಅಂಟಿದ ಕಾಳು ಉಂಡೆಯಾಗಿ ಹಾರಿ, ವಧೂವರರ ತಲೆಗಳ ನಡುವೆ ಸರಿಯಾಗಿ ಬಡಿದು ಒಡೆಯಿತು. ದುಮ್ಮವಾಡ, ತಂಬೂರು ಎರಡೂ ಊರು ಒಂದೇ ದನಿಯಲ್ಲಿ ಕೇಕೆ ಹಾಕಿದವು.

ಊಟದ ಪಂಕ್ತಿಯಲ್ಲಿ ಹೊಳೆಪ್ಪ ಇಮಾಮುದ್ದೀನನ ಬಾಜು ಬಂದು ಕುಳಿತ. ಹುಗ್ಗಿಯನ್ನೇ ನೋಡುತ್ತ, "ಮುಂದಿನ ವಾರ ನಮ್ಮೂರಾಗ ಒಂದ್ ಮದುವಿ ಐತಿ," ಎಂದ. "ಬೀಗರು ಈಗ ಆಕೀನ ಬೇಕಂತಾರ. ಒಂದ್ ದಿನದ ಮಟ್ಟಿಗೆ ಕಳಸತೀ?"

"ಕಳಸತೇನಿ," ಎಂದ ಇಮಾಮುದ್ದೀನ. "ಬಿಸಲಿಗೆ ಮಾತ್ರ ಇಡಬ್ಯಾಡ. ಮತ್ತ ಅಕ್ಕಿ ಚೀಲದ ಲೆಕ್ಕದಾಗ ತರಸು."

ಹೊರಡುವಾಗ ರೇವವ್ವ ಅವನನ್ನು ನಿಲ್ಲಿಸಿ ಒಂದು ಗಂಟು ಕೊಟ್ಟಳು. ಒಳಗೆ ಕುಪ್ಪಸಕ್ಕೆ ಗುಳೇದಗುಡ್ಡದ ಖಣ, ತೆಂಗಿನಕಾಯಿ, ಎಲೆ, ಅಡಿಕೆ. "ಹಾಡಿದ ಮುತ್ತೈದೀನ್ನ ಬರೀ ಉಡೀಲೆ ಕಳಸಬಾರದಪಾ. ಮುಟ್ಟಸು ಆಕೀಗೆ."

ಮನೆಯಲ್ಲಿ ಶಮೀಮಾಬಿ ಬಟ್ಟಲಾದ ರೆಕಾರ್ಡುಗಳಲ್ಲಿ ಕೋಳಿಗಳಿಗೆ ನುಚ್ಚು ಹಾಕುತ್ತಿದ್ದಳು. ಖಣವನ್ನು ಬಿಡಿಸಿ, ಡಬ್ಬಿಯ ಚಿತ್ರದ ಹೆಗಲಿಗೆ ಹಿಡಿದು ನೋಡಿದಳು.

"ಈಕೀಗೆ ಇದು ಸಾಲೂದಿಲ್ರೀ," ಎಂದಳು. "ಮೈ ಭಾಳ ಐತಿ. ನನಗ ಸರಿ ಹೊಂದತೈತಿ."